ಪಂಚಮಿಯ ಬೆಳಗಿನ ಅರಶಿನ ಎಲೆ



ಹಬ್ಬದ ಬೆಳಿಗ್ಗೆ ಎಂದರೆ ಮೊದಲು ಮೂಗಿಗೆ ಪರಿಮಳ ಬರಬೇಕು, ಆಮೇಲೆ ಬಾಯಿಗೆ ಸಿಹಿ. ಈ ಆಸೆ ಎಲ್ಲ ಊರಿನವರಿಗೂ ಇದೆ. ಸ್ವೀಡನ್ನಿನವರು ಈಸ್ಟ್ ಹಾಕಿ ಉಬ್ಬಿಸಿದ ಹಿಟ್ಟನ್ನು ಲಟ್ಟಿಸಿ, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಹುಡಿ ಸವರಿ, ಸುರುಳಿ ಸುತ್ತಿ ಬೇಯಿಸುತ್ತಾರೆ. ಆ ತಿಂಡಿಗೆಂದೇ 1999ರಿಂದ ಅಕ್ಟೋಬರ್ 4ನ್ನು ಮೀಸಲಿಟ್ಟಿದ್ದಾರೆ. ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಒಲೆಯಿಂದ ಇಳಿಯುವುದೂ ಅದೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮಗೆ ಅಂಥ ಬೆಳಗು ನಾಗರಪಂಚಮಿಯದು. ಪರಿಮಳ ಅರಶಿನ ಎಲೆಯದು.

ಆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಸಿಹಿ ತುಳುವಿನಲ್ಲಿ ಮಂಜಲ್ ಇರೆತ ಗಟ್ಟಿ, ಕೊಂಕಣಿಗರಿಗೆ ಪಾತೊಳಿ. ಗೋವಾದ ಕೆಥೋಲಿಕರು ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೂ ಇದನ್ನೇ ಮಾಡುತ್ತಾರೆ. ಮಳೆಗಾಲ ಒಂದೇ, ಎಲೆ ಒಂದೇ, ದೇವರ ಮನೆ ಮಾತ್ರ ಬೇರೆ.

ಬೆಳ್ತಿಗೆ ಅಕ್ಕಿಯನ್ನು ರಾತ್ರಿಯೇ ನೆನೆ ಹಾಕಬೇಕು. ಉಪ್ಪು ಸೇರಿಸಿ, ನೀರು ಹಿಡಿದು ಹಿಡಿದು ನುಣ್ಣಗೆ ರುಬ್ಬಬೇಕು. ನೀರಾದರೆ ಹಿಟ್ಟು ಎಲೆಯಿಂದ ಜಾರುತ್ತದೆ. ತೀರಾ ಗಟ್ಟಿಯಾದರೆ ಬೆಂದ ಮೇಲೆ ಬಿರಿಯುತ್ತದೆ. ಎಲೆಯ ಮೇಲೆ ಬೆರಳಿನಿಂದ ತೆಳ್ಳಗೆ ಹಚ್ಚಿ, ಒಂದು ಮಗ್ಗುಲಿಗೆ ಬೆಲ್ಲ, ತೆಂಗಿನತುರಿ, ಚೂರು ಏಲಕ್ಕಿ ಇಟ್ಟು, ನಡುದಂಟಿನ ಗುಂಟ ಉದ್ದಕ್ಕೆ ಮಡಚಬೇಕು. ಅಟ್ಟಿನಳಗೆಯಲ್ಲಿ ನೀರು ಕುದಿದು ಹಬೆ ಏಳುವವರೆಗೂ ಗಟ್ಟಿ ಇಡಬಾರದು. ಬೆಂದ ಗಟ್ಟಿಯ ಎಲೆ ಬಿಡಿಸಿದರೆ ನರಗಳೆಲ್ಲ ಬಿಳಿ ಹಿಟ್ಟಿನ ಮೇಲೆ ಸಾಲಾಗಿ ಮೂಡಿರುತ್ತವೆ. ಅಂಚಿನಲ್ಲಿ ಒಂದಿಷ್ಟು ಬೆಲ್ಲ ಕರಗಿ ಇಳಿದಿರುತ್ತದೆ. ಕುಟುಂಬದ ಮೂಲಸ್ಥಾನದ ನಾಗಬನದಲ್ಲಿ ಹಾಲು, ಎಳನೀರಿನ ತನು ಎರೆದು, ಹಿಂಗಾರ, ಕೇದಗೆ ಅರ್ಪಿಸಿ, ಮಳೆಯಲ್ಲಿ ನೆನೆದು, ಹಸಿದು ಬಂದವರ ಬಟ್ಟಲಿಗೆ ಅದು ಬಿಸಿಬಿಸಿಯಾಗಿ ಬೀಳಬೇಕು.

ಡಬ್ಬಿಯ ಅರಶಿನ ಹುಡಿ ಹಾಕಿದರೆ ಈ ಪರಿಮಳ ಬಾರದು. ಗೆಡ್ಡೆಯ ಘಾಟಿಗೆ ಕಾರಣ ಟರ್ಮರೋನ್ ಎಂಬ ಅಂಶ. ಎಲೆಯ ಎಣ್ಣೆಯಲ್ಲಿ ಹೆಚ್ಚಾಗಿರುವುದು ಫೆಲಾಂಡ್ರೀನ್. ಗಿಡ ಒಂದೇ ಆದರೂ ಮಣ್ಣಿನೊಳಗಿನ ವಾಸನೆ ಬೇರೆ, ಮೇಲಿನದು ಬೇರೆ. ಹಬೆಯ ಬಿಸಿಗೆ ಎಲೆಯ ಎಣ್ಣೆ ಬಿಟ್ಟುಕೊಂಡು ಹಿಟ್ಟಿಗೆ ಇಳಿಯುತ್ತದೆ. ಎಲೆಯನ್ನು ನಾವು ತಿನ್ನುವುದಿಲ್ಲ, ರುಚಿಯೆಲ್ಲ ಅದರದ್ದೇ.

ಆ ಎಲೆ ಪಂಚಮಿಯ ಹೊತ್ತಿಗೆ ಅಂಗೈಗಿಂತ ಅಗಲವಾಗಿ ನಿಂತಿರಬೇಕಾದರೆ ಗೆಡ್ಡೆ ಮಣ್ಣು ಸೇರಬೇಕಾದದ್ದು ಮೊದಲ ಮಳೆಗೇ. ಪಂಚಾಂಗ ನಮ್ಮ ಗಿಡಕ್ಕೆ ಕಾಯುವುದಿಲ್ಲ. 2025ರಲ್ಲಿ ಪಂಚಮಿ ಜುಲೈ 29ಕ್ಕೇ ಬಂತು. 2026ರಲ್ಲಿ ಅಧಿಕ ಜ್ಯೇಷ್ಠದ ದೆಸೆಯಿಂದ ಆಗಸ್ಟ್ 17ಕ್ಕೆ. ಬೇಗ ಬಂದ ವರ್ಷ, ಜೂನ್ ಕೊನೆಗೆ ನೆಟ್ಟವರಿಗೆ ಸಿಗುವುದು ಬೆರಳಗಲದ ಎಲೆ. ಹಿಂದೆ ಪ್ರತಿ ಮನೆಯ ಬಚ್ಚಲ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಯಾರೂ ಕೇಳದಿದ್ದರೂ ಅರಶಿನ ಚಿಗುರುತ್ತಿತ್ತು. ಈಗ ಆ ಜಾಗಕ್ಕೆ ಇಂಟರ್‌ಲಾಕ್ ಬಂದಿದೆ, ಹಬ್ಬದ ಹಿಂದಿನ ಸಂಜೆ ಪೇಟೆಯಲ್ಲಿ ಬಾಡಿದ ಎಲೆಯ ಕಟ್ಟಿಗೆ ಕೈ ಚಾಚುತ್ತೇವೆ. ನನಗೆ ಇದು ಸಣ್ಣ ನಷ್ಟ ಅನ್ನಿಸುವುದಿಲ್ಲ. ಮಗುವೊಂದು ಎಲೆ ಕೊಯ್ಯುತ್ತ ಕೈಗೆ ಅಂಟಿಸಿಕೊಳ್ಳುವ ಆ ವಾಸನೆ ಪೇಟೆಯ ಕಟ್ಟಿನಲ್ಲಿ ಅರ್ಧ ಆರಿಹೋಗಿರುತ್ತದೆ.

ಫ್ಲ್ಯಾಟಿನಲ್ಲಿರುವವರಿಗೂ ಅರಶಿನ ಬೆಳೆಸುವುದು ಸಾಧ್ಯ. ಹಳೆಯ ಬಕೆಟಿಗೆ ಕೆಳಗೆ ತೂತು ಹೊಡೆದು, ಮಣ್ಣು, ಒಣ ಸೆಗಣಿ ತುಂಬಿ, ಮೇ ತಿಂಗಳಲ್ಲಿ ಮೊಳಕೆಯಿರುವ ಎರಡು ತುಂಡು ಗೆಡ್ಡೆ ಹೂಳಿದರೆ ಸಾಕು. ಎಲೆ ಕೊಯ್ಯುವಾಗ ಮಾತ್ರ ಒಂದೇ ಬುಡವನ್ನು ಬೋಳಿಸಬೇಡಿ; ಹೊರಸುತ್ತಿನ ಒಂದೆರಡನ್ನು ಕೊಯ್ದು ಉಳಿದದ್ದು ಬಿಡಿ. ಆ ಎಲೆಗಳ ಬಲದಿಂದಲೇ ಕೆಳಗೆ ಗೆಡ್ಡೆ ತುಂಬುವುದು. ಎಲೆ ಒಣಗಿ ಮಲಗಿದ ಮೇಲೆ ಅಗೆದು, ಮುಂದಿನ ವರ್ಷದ ಬೀಜಕ್ಕೆ ಒಂದು ಹಿಡಿ ತೆಗೆದಿಡಿ.