‘ನಾವು’ ಎಂಬ ಮಾತಿನೊಳಗೆ ಯಾರಿದ್ದರು?



1782ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಒಂದು ನೌಕಾ ಕಾಳಗ ನಡೆಯಿತು. ಪೆನ್ಸಿಲ್ವೇನಿಯಾದ ನೌಕೆಯೊಂದು ತನಗಿಂತ ಬಲಿಷ್ಠವಾಗಿದ್ದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಆ ನೌಕೆಯ ಹೆಸರು ‘ಹೈದರ್ ಅಲಿ’. ಅದೇ ಕಾಲದಲ್ಲಿ ಆಂಗ್ಲರನ್ನು ಎದುರಿಸಿ ನಿಂತಿದ್ದ ಮೈಸೂರಿನ ನವಾಬನ ಹೆಸರು ಅದು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದನು. ಅಮೆರಿಕದ ಸ್ವಾತಂತ್ರ್ಯ ಸಮರದೊಂದಿಗೆ ಈ ನಾಡಿಗೆ ಇಂತಹ ಒಂದು ನಂಟಿದೆ. ಆದರೆ ನಾವು ಇಂದು ಪರಿಶೀಲಿಸಬೇಕಾಗಿರುವುದು ಆ ವಿಜಯವನ್ನಲ್ಲ, ವಿಜಯದ ನಂತರ ಅವರು ಕಟ್ಟಿದ ನಾಡನ್ನು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚಿತವಾದ ಅಮೆರಿಕದ ಸಂವಿಧಾನದ ಮೊದಲ ಪದವೇ ‘ನಾವು’. ದೊರೆಯಿಲ್ಲ, ವಂಶಾಡಳಿತವಿಲ್ಲ, ಜನರೇ ಅಧಿಕಾರದ ಮೂಲ. ಆ ಯುಗಕ್ಕೆ ಅದು ಸಾಮಾನ್ಯ ಸಾಧನೆಯಾಗಿರಲಿಲ್ಲ. ಅದಕ್ಕೂ ಮುನ್ನ, 1786ರಲ್ಲಿ ವರ್ಜೀನಿಯಾ ರಾಜ್ಯವು ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಅಂಗೀಕರಿಸಿತ್ತು. ಅದರ ಕರಡನ್ನು ಬರೆದವರು ಥಾಮಸ್ ಜೆಫರ್ಸನ್, ಶಾಸನಸಭೆಯಲ್ಲಿ ಅದನ್ನು ದಡ ಸೇರಿಸಿದವರು ಜೇಮ್ಸ್ ಮ್ಯಾಡಿಸನ್. ಆ ಕಾನೂನಿನ ರಕ್ಷಣೆ ಕ್ರೈಸ್ತರಿಗೆ ಮಾತ್ರವಲ್ಲ, ಯಹೂದಿಗಳಿಗೂ ಮುಸ್ಲಿಮರಿಗೂ ಹಿಂದೂಗಳಿಗೂ ನಾಸ್ತಿಕರಿಗೂ ಸಲ್ಲುತ್ತದೆಯೆಂದು ಜೆಫರ್ಸನ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಇದನ್ನು ಮೆಚ್ಚದಿರುವುದು ನ್ಯಾಯವಲ್ಲ.

ಆದರೆ ಅದೇ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಅದೇ ಸಂವಿಧಾನವು, ರಾಜ್ಯಗಳಿಗೆ ಸಂಸತ್ತಿನ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ವ್ಯವಸ್ಥೆ ಮಾಡಿತು. ಗುಲಾಮನಿಗೆ ಮತವಿಲ್ಲ, ಆದರೆ ಅವನ ತಲೆಯ ಲೆಕ್ಕದಿಂದ ಅವನ ಒಡೆಯರ ರಾಜಕೀಯ ಬಲ ಹೆಚ್ಚುತ್ತಿತ್ತು! 1790ರ ಕಾನೂನು ವಿದೇಶೀಯರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವದ ಬಾಗಿಲು ತೆರೆಯಿತು. ಹಾಗಾದರೆ ಆ ‘ನಾವು’ ಎಂಬ ಮಾತಿನೊಳಗೆ ಯಾರಿದ್ದರು? ಮುಂದಿನ ಐವತ್ತು ವರ್ಷಗಳ ಅಮೆರಿಕದ ಇತಿಹಾಸವು ವಸ್ತುತಃ ಈ ಒಂದು ಪ್ರಶ್ನೆಯ ಇತಿಹಾಸವಾಗಿದೆ.

ಮೊದಲು ರಾಜಕೀಯವನ್ನು ನೋಡೋಣ. ಆರಂಭದಲ್ಲಿ ಬಹುತೇಕ ರಾಜ್ಯಗಳಲ್ಲಿ ಆಸ್ತಿಯಿದ್ದವನಿಗೆ ಮಾತ್ರ ಮತವಿತ್ತು. ಕ್ರಮೇಣ ಈ ನಿರ್ಬಂಧ ಸಡಿಲಗೊಂಡು, ಬಡ ಬಿಳಿಯನಿಗೂ ಮತ ದೊರೆಯಿತು. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸುಮಾರು ಮೂರೂವರೆ ಲಕ್ಷ ಮತಗಳು ಬಿದ್ದಿದ್ದರೆ, ಆಂಡ್ರ್ಯೂ ಜಾಕ್ಸನ್ ಗೆದ್ದ 1828ರಲ್ಲಿ ಅದು ಹನ್ನೊಂದು ಲಕ್ಷವನ್ನು ದಾಟಿತು. ಪ್ರಜಾಪ್ರಭುತ್ವ ವಿಸ್ತರಿಸಿತೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಆದರೆ ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಅವಿವಾಹಿತ ಸ್ತ್ರೀಯರಿಗೂ ವಿಧವೆಯರಿಗೂ ಇದ್ದ ಮತಾಧಿಕಾರವನ್ನು 1807ರಲ್ಲಿ ಕಿತ್ತುಕೊಳ್ಳಲಾಯಿತು. 1821ರಲ್ಲಿ ನ್ಯೂಯಾರ್ಕ್ ರಾಜ್ಯವು ಬಿಳಿಯರಿಗೆ ಆಸ್ತಿಯ ಷರತ್ತನ್ನು ತೆಗೆದುಹಾಕಿ, ಕರಿಯರಿಗೆ ಮಾತ್ರ 250 ಡಾಲರ್ ಆಸ್ತಿಯ ಷರತ್ತನ್ನು ವಿಧಿಸಿತು. 1838ರಲ್ಲಿ ಪೆನ್ಸಿಲ್ವೇನಿಯಾ ಕರಿಯರ ಮತವನ್ನೇ ರದ್ದುಗೊಳಿಸಿತು. ಒಂದು ಕೈ ಬಾಗಿಲನ್ನು ತೆರೆಯುತ್ತಿದ್ದಾಗ ಇನ್ನೊಂದು ಕೈ ಅಗುಳಿ ಹಾಕುತ್ತಿತ್ತು.

ಇನ್ನು ಆರ್ಥಿಕತೆ. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡಿತು. 363 ಮೈಲು ಉದ್ದದ ಈ ಜಲಮಾರ್ಗದಿಂದ ಬಫಲೋ ಮತ್ತು ನ್ಯೂಯಾರ್ಕ್ ನಡುವಣ ಸಾಗಣೆಯ ವೆಚ್ಚ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಲೋವೆಲ್ ಪಟ್ಟಣದ ಗಿರಣಿಗಳಲ್ಲಿ ಹಳ್ಳಿಯ ಯುವತಿಯರು ದುಡಿಮೆಗೆ ಸೇರಿದರು. 1834ರಲ್ಲಿ ಕೂಲಿ ಕಡಿತದ ವಿರುದ್ಧ ಅವರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಆದರೆ ಆ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ಯಾರ ಬೆವರು? 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವನ್ನು ರೂಪಿಸಿದನು. ಯಂತ್ರ ಬಂದರೆ ಮನುಷ್ಯನ ಹೊರೆ ಇಳಿಯುತ್ತದೆಂಬುದು ನಮ್ಮ ಸಾಮಾನ್ಯ ನಂಬಿಕೆ. ಅಲ್ಲಿ ನಡೆದದ್ದು ತದ್ವಿರುದ್ಧ. ಬೀಜ ಬಿಡಿಸುವುದು ಸುಲಭವಾದೊಡನೆ ಹತ್ತಿ ಬೆಳೆಯುವುದು ಅಪಾರ ಲಾಭದ ಉದ್ಯಮವಾಯಿತು. ಬಿತ್ತಲು, ಬಿಡಿಸಲು ಗುಲಾಮರ ಬೇಡಿಕೆ ಏರಿತು. 1808ರಲ್ಲಿ ವಿದೇಶದಿಂದ ಗುಲಾಮರನ್ನು ತರುವುದು ನಿಷೇಧವಾದರೂ ಒಳನಾಡಿನ ಮಾರಾಟ ನಿಲ್ಲಲಿಲ್ಲ. ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಬೇರ್ಪಡಿಸಿ ದಕ್ಷಿಣದ ಹತ್ತಿ ಹೊಲಗಳಿಗೆ ಸಾಗಿಸಲಾಯಿತು. 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ 1830ರಲ್ಲಿ ಇಪ್ಪತ್ತು ಲಕ್ಷವಾಯಿತು. ಉತ್ತರದ ವರ್ತಕರೂ ಹಡಗು ಮಾಲಕರೂ ಬ್ಯಾಂಕುಗಳೂ ಈ ಲಾಭದಲ್ಲಿ ಪಾಲುದಾರರಾಗಿದ್ದರು. ಸಂಪತ್ತು ಬೆಳೆದೊಡನೆ ನ್ಯಾಯವೂ ತಾನಾಗಿಯೇ ಬೆಳೆಯುತ್ತದೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಕಾನೂನಿನ ಮೊರೆ ಹೋಗಬಹುದಿತ್ತಲ್ಲವೇ ಎಂದು ಕೆಲವರು ಕೇಳಬಹುದು. ಜಾರ್ಜಿಯಾ ಪ್ರದೇಶದ ಚೆರೊಕೀ ಮೂಲನಿವಾಸಿಗಳು ಅದನ್ನೂ ಮಾಡಿದರು. ಅವರಲ್ಲಿ ಸೆಕ್ವೋಯ ಎಂಬವರು ತಮ್ಮ ಭಾಷೆಗೊಂದು ಲಿಪಿಯನ್ನು ರೂಪಿಸಿದರು. ಆ ಜನರು 1827ರಲ್ಲಿ ಲಿಖಿತ ಸಂವಿಧಾನವನ್ನು ರಚಿಸಿದರು, 1828ರಲ್ಲಿ ಪತ್ರಿಕೆಯನ್ನು ಹೊರತಂದರು. ಅವರಲ್ಲಿನ ಸಿರಿವಂತರು ಬಿಳಿಯರಂತೆಯೇ ಗುಲಾಮರನ್ನೂ ಇಟ್ಟುಕೊಂಡರೆಂಬ ಕಹಿ ಸತ್ಯವನ್ನು ನಾವು ಮರೆಮಾಚಬಾರದು. 1832ರಲ್ಲಿ ಸುಪ್ರೀಮ್ ಕೋರ್ಟು ಚೆರೊಕೀ ನೆಲದಲ್ಲಿ ಜಾರ್ಜಿಯಾದ ಕಾನೂನು ಸಲ್ಲದೆಂದು ತೀರ್ಪಿತ್ತಿತು. ಆದರೆ ತೀರ್ಪನ್ನು ಜಾರಿಗೊಳಿಸುವ ಮನಸ್ಸು ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ. 1838ರಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಅವರನ್ನು ಹೊರದಬ್ಬಿದರು. ಸುಮಾರು ಹದಿನಾರು ಸಾವಿರ ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಅವರಲ್ಲಿ ನಾಲ್ಕು ಸಾವಿರದಷ್ಟು ಮಂದಿ ಸತ್ತರೆಂದು ಅಂದಾಜು.

ಸಹೋದರರೇ, ಆ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಇಂದಿನ ಸೆನೆಗಲ್ ಪ್ರದೇಶದ ಉಮರ್ ಇಬ್ನು ಸಈದ್ ವರ್ಷಗಟ್ಟಲೆ ವಿದ್ಯಾರ್ಜನೆ ಮಾಡಿದ್ದ ವಿದ್ವಾಂಸರು. 1807ರಲ್ಲಿ ಅವರನ್ನು ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಲಾಯಿತು. 1831ರಲ್ಲಿ ಅವರು ಅರಬಿಯಲ್ಲಿ ಬರೆದ ಆತ್ಮಕಥೆ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಸಕಲ ಅಧಿಪತ್ಯವೂ ಅಲ್ಲಾಹನದೆಂದು ಸಾರುವ ‘ಅಲ್‌ಮುಲ್ಕ್’ ಅಧ್ಯಾಯದೊಂದಿಗೆ ಆ ಬರಹ ಆರಂಭವಾಗುತ್ತದೆ. ತನ್ನನ್ನು ಇನ್ನೊಬ್ಬನ ಸೊತ್ತೆಂದು ಬರೆದುಕೊಂಡ ನಾಡಿನಲ್ಲಿ ಕುಳಿತು ಒಬ್ಬ ಗುಲಾಮರು ಆರಿಸಿದ ಅಧ್ಯಾಯವದು! ಸಾಯುವ ತನಕ ಅವರಿಗೆ ಬಿಡುಗಡೆ ದೊರೆಯಲಿಲ್ಲ.

ಹಾಗಾದರೆ ಹೊರಗುಳಿದವರು ಸುಮ್ಮನೆ ಕುಳಿತರೇ? ಇಲ್ಲ. 1794ರಲ್ಲಿ, ಹಿಂದೆ ಗುಲಾಮರಾಗಿದ್ದ ರಿಚರ್ಡ್ ಅಲೆನ್ ಫಿಲಡೆಲ್ಫಿಯಾದಲ್ಲಿ ಕರಿಯರದ್ದೇ ಆದ ಚರ್ಚನ್ನು ಕಟ್ಟಿದರು. 1827ರಲ್ಲಿ ನ್ಯೂಯಾರ್ಕಿನಲ್ಲಿ ಕರಿಯರ ಮೊದಲ ಪತ್ರಿಕೆ ‘ಫ್ರೀಡಮ್ಸ್ ಜರ್ನಲ್’ ಹೊರಬಂತು. 1829ರಲ್ಲಿ ಬೋಸ್ಟನ್ನಿನ ಹಳೆಬಟ್ಟೆ ವ್ಯಾಪಾರಿ ಡೇವಿಡ್ ವಾಕರ್ ಒಂದು ಕಿರುಹೊತ್ತಗೆ ಬರೆದು, ಸ್ವಾತಂತ್ರ್ಯ ಘೋಷಣೆಯ ಸಮಾನತೆಯ ಮಾತುಗಳನ್ನು ಬಿಳಿಯರ ಮುಂದೆಯೇ ಹಿಡಿದು ಉತ್ತರ ಕೇಳಿದರು. ನಾವಿಕರ ಮೂಲಕ ಆ ಹೊತ್ತಗೆ ಗುಟ್ಟಾಗಿ ದಕ್ಷಿಣದ ರಾಜ್ಯಗಳನ್ನು ತಲುಪಿತು. ದಕ್ಷಿಣದ ಆಡಳಿತಗಾರರು ಆ ಕೆಲವು ಹಾಳೆಗಳಿಗೆ ಬೆದರಿದರು.

ಇದರಲ್ಲೊಂದು ಪಾಠವಿದೆ. ಅವರು ಆ ಘೋಷಣೆಯನ್ನು ಹರಿದೆಸೆಯಲಿಲ್ಲ. ಅದನ್ನು ಬರೆದವರ ವಿರುದ್ಧ ಅದನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. ಗುಲಾಮಗಿರಿಯ ಅಂತ್ಯಕ್ಕೆ 1865ರವರೆಗೆ ಕಾಯಬೇಕಾಯಿತು, ಲಕ್ಷಾಂತರ ಜೀವಗಳ ಬೆಲೆ ತೆರಬೇಕಾಯಿತು. ಕಾಗದದ ಮೇಲಿನ ಹಕ್ಕು ತಾನಾಗಿ ನಡೆದು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ಆದರೆ ಆ ಕಾಗದವನ್ನು ಓದಬಲ್ಲವರು, ಓದಿ ಪ್ರಶ್ನಿಸಬಲ್ಲವರು ಇರುವ ತನಕ ‘ನಾವು’ ಎಂಬ ಮಾತು ಕೆಲವರ ಸೊತ್ತಾಗಿ ಉಳಿಯಲಾರದು.