ಖುಷಿ ಯಾರದು?

(ಸವಡಿಯಲ್ಲಿ ನಡೆದ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)





ಶಿಕ್ಷಣ ಮತ್ತು ಸಮಾಜ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ತಿಳಿಸಿದ್ದರು. ವಿಷಯ ಬಹಳ ದೊಡ್ಡದು. ಅದರೊಳಗಿನ ಒಂದು ಸಣ್ಣ ಮಾತನ್ನು ಮಾತ್ರ ನಾನು ಆರಿಸಿಕೊಂಡಿದ್ದೇನೆ. ನೀವೆಲ್ಲ ದಿನನಿತ್ಯ ನೋಡುವ ಸಂಗತಿ ಅದು. ಹತ್ತು-ಇಪ್ಪತ್ತು ರೂಪಾಯಿಯ ವಿಷಯ.

ಹೋದ ತಿಂಗಳು ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ಬಿಲ್ಲಿನಲ್ಲಿದ್ದ ಹಣವನ್ನು ಲೆಕ್ಕ ಹಾಕಿ ಕೊಟ್ಟೆ. ಹುಡುಗ ಹೋಗಲಿಲ್ಲ, ಬಾಗಿಲಲ್ಲೇ ನಿಂತ. "ಯಾಕಪ್ಪಾ?" ಎಂದೆ. "ಸಾಹೇಬ್ರ, ಮ್ಯಾಲ ನಲವತ್ತು ಕೊಡ್ರಿ. ಎಲ್ಲಾರೂ ಕೊಡ್ತಾರ" ಎಂದ. ಬಿಲ್ಲಿನ ಬೆಲೆಯಲ್ಲೇ ಮನೆಗೆ ತಂದು ಕೊಡುವ ಖರ್ಚೂ ಸೇರಿರುತ್ತದೆ ಎಂದು ಹೇಳಿದೆ. ಅವನು ನಕ್ಕ. ಒಳಗಿನಿಂದ ನಮ್ಮ ಮನೆಯವರು, "ಕೊಟ್ಟು ಕಳಸ್ರಿ ಮೊದಲ, ಮುಂದಿನ ಸಲ ತಡಾ ಮಾಡ್ತಾನ" ಎಂದರು. ಕೊಟ್ಟೆ. ಮೊದಲಾದರೆ ಚಿಲ್ಲರೆ ಇಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆವು. ಈಗ ಆ ದಾರಿಯೂ ಬಂದ್ ಆಗಿದೆ. "ಫೋನ್ ಪೇ ಮಾಡ್ರಿ" ಎನ್ನುತ್ತಾರೆ!

ನೀವು ನಕ್ಕಿರಿ. ನಗುವ ಮಾತೇ ಹೌದು. ಆದರೆ ಆ ದಿನ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ನಾನು ಕೊಟ್ಟ ನಲವತ್ತು ರೂಪಾಯಿಗೆ ಹೆಸರೇನು? ಅದು ದಾನವೇ? ಕೂಲಿಯೇ? ಬಕ್ಷೀಸೇ? ಅಥವಾ ಹೆದರಿ ಕೊಟ್ಟ ಹಣವೇ?

ನಮ್ಮ ಭಾಗದಲ್ಲಿ ಇದಕ್ಕೆ ಎಷ್ಟು ಹೆಸರುಗಳಿವೆ ನೋಡಿ. ಬಕ್ಷೀಸು, ಇನಾಮು, ಖುಷಿ, ಚಾ-ಪಾನಿ, ಮಾಮೂಲು. ಬಕ್ಷೀಸು ಪಾರ್ಸಿಯಿಂದ ಬಂದ ಮಾತು. ಅದರ ಮೂಲದಲ್ಲಿ ಕೊಡುವುದು ಎಂಬ ಅರ್ಥವೂ ಇದೆ, ಕ್ಷಮಿಸುವುದು ಎಂಬ ಅರ್ಥವೂ ಇದೆ. ಇನಾಮು ಅರಬಿ ಮಾತು, ಮೆಚ್ಚಿ ಮಾಡಿದ ಉಪಕಾರ ಎಂದು ಅರ್ಥ. ಖುಷಿ ಎಂದರೇನು ಎಂದು ಹೇಳಬೇಕಾಗಿಲ್ಲ. ಇವೆಲ್ಲ ಕೊಡುವವನ ಮನಸ್ಸಿನಿಂದ ಹುಟ್ಟಿದ ಮಾತುಗಳು. ಆದರೆ ಕೊನೆಯ ಮಾತು, ಮಾಮೂಲು, ಅದೂ ಅರಬಿಯದೇ. ಅದರ ಅರ್ಥ ರೂಢಿಯಾಗಿ ನಡೆದುಬಂದದ್ದು ಎಂದಷ್ಟೇ. ಇಂದು ಮಾಮೂಲು ಎಂದರೆ ಲಂಚ ಎಂದು ಮಕ್ಕಳಿಗೂ ಗೊತ್ತು. ಖುಷಿಯಿಂದ ಶುರುವಾದದ್ದು ರೂಢಿಯಾಯಿತು, ರೂಢಿಯಾದದ್ದು ಹಕ್ಕಾಯಿತು, ಹಕ್ಕಾದದ್ದು ಲಂಚವಾಯಿತು. ನಮ್ಮ ಭಾಷೆಯೇ ಈ ಕಥೆಯನ್ನು ಹೇಳುತ್ತಿದೆ.

ವಿದ್ಯಾರ್ಥಿಗಳೇ, ಬಕ್ಷೀಸು ತೆಗೆದುಕೊಳ್ಳುವವರ ಮೇಲೆ ಸಿಟ್ಟು ಮಾಡಲು ನಾನು ಇಲ್ಲಿ ನಿಂತಿಲ್ಲ. ನಾನೂ ತೆಗೆದುಕೊಂಡವನೇ. ಮಾಸ್ತರಿಕೆ ಸಿಗುವ ಮೊದಲು ಎರಡು ವರ್ಷ ಗದಗಿನ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದೆ. ಕೆಲಸಕ್ಕೆ ಸೇರುವ ದಿನ ಮಾಲಕರು, "ಪಗಾರ ಕಡಿಮಿ ಐತಿ ತಮ್ಮಾ, ಆದ್ರ ಗಿರಾಕಿ ಕೈಯಿಂದ ಮ್ಯಾಲ ಸಿಗತೈತಿ" ಎಂದರು. ಅಂದರೆ ನನ್ನ ಪಗಾರದ ಅರ್ಧವನ್ನು ಅವರು ಗಿರಾಕಿಯ ತಲೆಯ ಮೇಲೆ ಹಾಕಿದ್ದರು. ಗಿರಾಕಿಗೆ ಅದು ಗೊತ್ತಿರಲಿಲ್ಲ. ನನಗೂ ಆಗ ತಿಳಿಯಲಿಲ್ಲ.

ಆ ಎರಡು ವರ್ಷಗಳಲ್ಲಿ ನಾನು ಕಲಿತದ್ದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಬರುವವರ ಅಂಗಿ ನೋಡಿ ಆಳೆಯಲು ಕಲಿತೆ. ಇಸ್ತ್ರಿ ಅಂಗಿಯವರು ಬಂದರೆ ಓಡಿ ಹೋಗಿ ಟೇಬಲ್ ಒರೆಸುತ್ತಿದ್ದೆ. ಸಂತೆಗೆ ಬಂದ ರೈತ, ತಲೆಗೆ ರುಮಾಲು ಸುತ್ತಿದವನು, ಹತ್ತು ನಿಮಿಷ ಕೂತು ಕೂಗಿದರೂ ಕೇಳಿಸದವನಂತೆ ಇರುತ್ತಿದ್ದೆ. ಏಕೆಂದರೆ ಅವನು ತಟ್ಟೆಯಲ್ಲಿ ನಾಲ್ಕಾಣೆ ಬಿಡುವುದಿಲ್ಲ. ಒಂದು ದಿನ ಹಾಗೆ ಕೂತಿದ್ದವರು ನಮ್ಮ ಸ್ವಂತ ಸೋದರಮಾವ. ಅವರು ಏನೂ ಅನ್ನಲಿಲ್ಲ. ಚಹಾ ಕುಡಿದು, ತಟ್ಟೆಯಲ್ಲಿ ನಾಲ್ಕಾಣೆ ಇಟ್ಟು ಎದ್ದು ಹೋದರು. ಆ ನಾಲ್ಕಾಣೆಯನ್ನು ಮುಟ್ಟಲು ನನ್ನಿಂದ ಆಗಲಿಲ್ಲ. ಬಕ್ಷೀಸಿನ ಮೇಲೆ ಬದುಕುವವನು ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ತೂಗಲಾರ ಎಂಬುದು ನನಗೆ ಆ ದಿನ ತಿಳಿಯಿತು.

ನಮ್ಮ ಮಾಲಕರ ಆ ಯುಕ್ತಿ ಗದಗಿಗೆ ಮಾತ್ರ ಸೇರಿದ್ದಲ್ಲ. ಶ್ರೀಮಂತ ದೇಶವಾದ ಅಮೆರಿಕದಲ್ಲೂ ಅದೇ ಇದೆ. ಅಲ್ಲಿ ಗುಲಾಮಗಿರಿ ಮುಗಿದ ಮೇಲೆ ಪುಲ್‌ಮನ್ ಎಂಬ ಕಂಪನಿ ತನ್ನ ರೈಲು ಬೋಗಿಗಳಲ್ಲಿ ಸೇವೆಗೆ ಕಪ್ಪು ಜನರನ್ನು ಇಟ್ಟುಕೊಂಡಿತು. ಪಗಾರ ಅತಿ ಕಡಿಮೆ, ಉಳಿದದ್ದನ್ನು ಪ್ರಯಾಣಿಕರಿಂದ ಪಡೆಯಬೇಕು. ಆ ಕೆಲಸಗಾರರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಅವರು ಕೇಳಿದ್ದು ಹೆಚ್ಚಿನ ಬಕ್ಷೀಸನ್ನಲ್ಲ, ನ್ಯಾಯವಾದ ಪಗಾರವನ್ನು. ಆದರೂ ಆ ದೇಶದಲ್ಲಿ ಬಕ್ಷೀಸು ಪಡೆಯುವ ಕೆಲಸಗಾರನಿಗೆ ಮಾಲಕನು ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಈಗ ಅಲ್ಲಿ ಒಂದು ಕಪ್ ಕಾಫಿ ಕೊಂಡರೂ ಹಣ ಕೊಡುವ ಯಂತ್ರದ ಪರದೆಯ ಮೇಲೆ ಶೇ. 18, ಶೇ. 20, ಶೇ. 25 ಎಂದು ಬರುತ್ತದೆ. ಹಿಂದೆ ಜನ ಸಾಲು ನಿಂತಿರುತ್ತಾರೆ, ಮುಂದೆ ಅಂಗಡಿಯವನು ನೋಡುತ್ತಿರುತ್ತಾನೆ. ಬೇಡ ಎಂದು ಒತ್ತಲು ಬೆರಳಿಗೆ ಧೈರ್ಯ ಬರುವುದಿಲ್ಲ.

ನಮ್ಮ ದೇಶಕ್ಕೂ ಈ ಪರದೆ ಬಂದಿದೆ. ಪಟ್ಟಣಗಳ ದೊಡ್ಡ ಹೋಟೆಲುಗಳು ಬಿಲ್ಲಿನ ಕೆಳಗೆ ಸೇವಾ ಶುಲ್ಕ ಎಂದು ಶೇ. 5ರಿಂದ 10ರವರೆಗೆ ತಾವೇ ಸೇರಿಸತೊಡಗಿದವು. ಬಹಳ ಜನ ಅದನ್ನು ಸರಕಾರದ ತೆರಿಗೆ ಎಂದೇ ತಿಳಿದು ಕೊಟ್ಟರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು, ಯಾವ ಹೋಟೆಲೂ ಹೀಗೆ ತಾನೇ ಬಿಲ್ಲಿಗೆ ಸೇರಿಸಬಾರದು, ಕೊಡುವುದು ಬಿಡುವುದು ಗ್ರಾಹಕನ ಇಚ್ಛೆ ಎಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲಕರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಪ್ರಸಂಗ. ಉಬರ್ ಆ್ಯಪ್‌ನಲ್ಲಿ ಗಾಡಿ ಬರುವ ಮೊದಲೇ ಟಿಪ್ ಕೊಟ್ಟರೆ ಬೇಗ ಗಾಡಿ ಸಿಗಬಹುದು ಎಂದು ತೋರಿಸುತ್ತಿದ್ದರು. ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದ, ನಮ್ಮ ಪಕ್ಕದ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಇದು ಅನೀತಿ ಎಂದರು. ಪ್ರಾಧಿಕಾರವು ಕಂಪನಿಗೆ ನೋಟಿಸು ಕೊಟ್ಟಿತು. ಕೆಲಸ ಮಾಡುವ ಮೊದಲೇ ಕೇಳುವುದಕ್ಕೆ ಬಕ್ಷೀಸು ಎನ್ನಲಾಗುವುದೇ? ಅದು ಸವಾಲು ಕೂಗಿದಂತೆ. ಕಿಸೆಯಲ್ಲಿ ಇದ್ದವನಿಗೆ ಗಾಡಿ, ಇಲ್ಲದವನಿಗೆ ಬಿಸಿಲು.

ಹಾಗಾದರೆ ಇದಕ್ಕೆ ದಾರಿ ಇಲ್ಲವೇ? ಇದೆ. ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಕಡಲೆ, ಹತ್ತಿ, ಜೋಳ ಹೇರಿಕೊಂಡು ಪೇಟೆಗೆ ಹೋಗುತ್ತಿದ್ದ ಕಾಲವನ್ನು ನೆನೆಯಿರಿ. ಆಗ ತೂಗುವವನಿಗೆ ಒಂದು ಬೊಗಸೆ, ಮಾದರಿಗೆಂದು ಒಂದು ಬೊಗಸೆ, ಧರ್ಮಾದಾಯಕ್ಕೆ ಇಷ್ಟು, ಕಸ ಹೊಡೆಯುವವನಿಗೆ ಇಷ್ಟು. ಪ್ರತಿಯೊಂದೂ ಖುಷಿಯ ಹೆಸರಿನಲ್ಲೇ. ಮನೆಗೆ ಬರುವಾಗ ರೈತನ ಖುಷಿ ಮಾತ್ರ ಇರುತ್ತಿರಲಿಲ್ಲ. 1928ರ ರಾಯಲ್ ಕೃಷಿ ಆಯೋಗದ ವರದಿಯು ಇಂಥ ಮನಸ್ಸಿಗೆ ಬಂದ ಕಡಿತಗಳನ್ನು ಎತ್ತಿ ತೋರಿಸಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ನಾವು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಅಲ್ಲಿ 1939ರಲ್ಲಿ ಕಾನೂನು ಬಂತು. ಏಕೀಕರಣದ ನಂತರ 1966ರಲ್ಲಿ ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು. ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು ಎಂದು ಗೊತ್ತುಮಾಡಿ ಪಟ್ಟಿಯಲ್ಲಿ ಬರೆಯುವ ಪದ್ಧತಿ ಬಂತು. ಎಲ್ಲ ತಪ್ಪೂ ನಿಂತಿತೆಂದು ನಾನು ಹೇಳುವುದಿಲ್ಲ. ಈಗಲೂ ಸ್ಯಾಂಪಲ್ ಹೆಸರಿನಲ್ಲಿ ಬೊಗಸೆ ತುಂಬುವವರಿದ್ದಾರೆ. ಆದರೆ ಈಗ ರೈತ ಪಟ್ಟಿ ತೋರಿಸಿ ಕೇಳಬಲ್ಲ. ಹಮಾಲನೂ ಕೈ ಚಾಚಬೇಕಾಗಿಲ್ಲ, ತನ್ನ ಕೂಲಿಯನ್ನು ತಲೆ ಎತ್ತಿ ತೆಗೆದುಕೊಳ್ಳಬಲ್ಲ. ಬರೆದಿಟ್ಟ ದರ ಇಬ್ಬರ ಮಾನವನ್ನೂ ಕಾಯುತ್ತದೆ.

ಆನ್‌ಲೈನ್ ಕಂಪನಿಗಳಿಗಾಗಿ ದುಡಿಯುವ ಹುಡುಗರಿಗೂ ಇಂಥದೇ ದಾರಿ ಬೇಕು. ಕರ್ನಾಟಕ ಸರಕಾರ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನಿನಲ್ಲಿ, ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು ಅವಕಾಶವಿದೆ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿದ್ದಾರೆ. ಅವರಿಗೆ ನಾವು ಕೊಡುವ ಇಪ್ಪತ್ತು ರೂಪಾಯಿಗಿಂತ ಇಂಥ ಕಾನೂನು ಸರಿಯಾಗಿ ಜಾರಿಯಾಗುವುದು ದೊಡ್ಡದು.

ಈಗ ನನ್ನ ಮನಸ್ಸನ್ನು ಹೆಚ್ಚು ಕೊರೆಯುವ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಮಗಳನ್ನು ಹೆರಿಗೆಗೆ ಒಂದು ಸರಕಾರಿ ಆಸ್ಪತ್ರೆಗೆ ಸೇರಿಸಿದ್ದೆವು. ನಡುರಾತ್ರಿ ಕೂಸು ಹುಟ್ಟಿತು. ಒಳಗಿನಿಂದ ಬಂದ ಆಯಾ, "ಅಜ್ಜಾರ, ಹೆಣ್ಣು ಕೂಸು. ಐದುನೂರು ಖುಷಿ ಕೊಡ್ರಿ. ಗಂಡಾಗಿದ್ರ ಸಾವಿರ ಇತ್ತು" ಎಂದಳು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಸಂಪೂರ್ಣ ಉಚಿತ ಎಂದು 2011ರಲ್ಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದಿದೆ. ಅದು ನನಗೆ ಗೊತ್ತಿತ್ತು. ಆದರೆ ಮಗಳು ಒಳಗಿದ್ದಳು, ಕೂಸು ಒಳಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ನಾನು ಬಾಯಿ ಮುಚ್ಚಿಕೊಂಡು ಕೊಟ್ಟೆ. ಭೂಮಿಗೆ ಬಂದ ಕೆಲವೇ ನಿಮಿಷಗಳಲ್ಲಿ ನನ್ನ ಮೊಮ್ಮಗಳಿಗೆ ಅರ್ಧ ಬೆಲೆ ಕಟ್ಟಿದ್ದರು. ಅದಕ್ಕೆ ನಾನು ರೊಕ್ಕ ಎಣಿಸಿದ್ದೆ.

ಬೆಳಿಗ್ಗೆ ಅದೇ ಹೆಣ್ಣುಮಗಳು ಮೆಟ್ಟಿಲ ಮೇಲೆ ಕೂತು ತಣ್ಣಗಾದ ರೊಟ್ಟಿ ತಿನ್ನುತ್ತಿದ್ದಳು. ಮಾತನಾಡಿಸಿದೆ. ಅವಳು ಹೊರಗುತ್ತಿಗೆಯವಳು. ಮೂರು ತಿಂಗಳಿಂದ ಪಗಾರ ಆಗಿಲ್ಲ. ಗುತ್ತಿಗೆದಾರನನ್ನು ಕೇಳಿದರೆ, ನಿಮಗೇನು ಕಡಿಮೆ, ಮೇಲೆ ಸಿಗುತ್ತದಲ್ಲ ಎನ್ನುತ್ತಾನಂತೆ. ನನಗೆ ನಮ್ಮ ಹೋಟೆಲು ಮಾಲಕರ ಮಾತು ಕಿವಿಯಲ್ಲಿ ಬಿದ್ದಂತಾಯಿತು. ಅವಳು ಮಾಡಿದ್ದು ತಪ್ಪೇ. ಆದರೆ ಅವಳ ಪಗಾರವನ್ನು ತಡೆದವನ ತಪ್ಪು ಅದಕ್ಕಿಂತ ದೊಡ್ಡದು. ಒಬ್ಬನು ಕೊಡಬೇಕಾದದ್ದನ್ನು ಕೊಡುವುದಿಲ್ಲ, ಆದ್ದರಿಂದ ಇನ್ನೊಬ್ಬಳು ಕೇಳಬಾರದವರನ್ನು ಕೇಳುತ್ತಾಳೆ.

ಕಾನೂನನ್ನೂ ತಿಳಿದುಕೊಳ್ಳಿ. ಸರಕಾರಿ ಕೆಲಸಕ್ಕೆ ಹೀಗೆ ಕೇಳಿ ಪಡೆಯುವುದು ಲಂಚ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಕೊಡುವವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನಗಳೊಳಗೆ ದೂರು ಕೊಡಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ ಲೋಕಾಯುಕ್ತವಿದೆ. ನಾನು ದೂರು ಕೊಡಲಿಲ್ಲ. ಆ ತಪ್ಪು ನನ್ನದು.

ಧರ್ಮದ ಮಾತು ಗೊತ್ತಿರುವ ಹಿರಿಯರು ಇಲ್ಲಿದ್ದಾರೆ. ಜಕಾತ್ ವಸೂಲಿಗೆ ಹೋಗಿ ಬಂದ ಒಬ್ಬ ಅಧಿಕಾರಿಯ ಪ್ರಸಂಗ ಹದೀಸಿನಲ್ಲಿ ಬರುತ್ತದೆ. ಇದು ಜಕಾತ್, ಇದು ನನಗೆ ಬಂದ ಉಡುಗೊರೆ ಎಂದು ಅವನು ಎರಡು ಭಾಗ ಮಾಡಿ ಇಟ್ಟ. ಪ್ರವಾದಿಯವರಿಗೆ (ಸ) ಅದು ಒಪ್ಪಿಗೆಯಾಗಲಿಲ್ಲ. ತಂದೆತಾಯಿಯ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಕೇಳಿದರು. ವಿದ್ಯಾರ್ಥಿಗಳೇ, ಈ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗಿ. ನಾಳೆ ನಿಮ್ಮಲ್ಲಿ ಒಬ್ಬರು ನರ್ಸ್ ಆಗುತ್ತೀರಿ, ಒಬ್ಬರು ತಲಾಟಿ, ಒಬ್ಬರು ಗುಮಾಸ್ತ, ಒಬ್ಬರು ಅಂಗಡಿ ಮಾಲಕರು. ಯಾರಾದರೂ ಕೈಯಲ್ಲಿ ನೋಟು ಇಟ್ಟಾಗ ಕೇಳಿಕೊಳ್ಳಿ: ಈ ಕುರ್ಚಿಯಲ್ಲಿ ನಾನು ಇರದಿದ್ದರೆ ಇದು ನನಗೆ ಬರುತ್ತಿತ್ತೇ?

ನೀವು ಮಾಡಬಹುದಾದ ಕೆಲಸಗಳು ಕೆಲವು ಇವೆ. ಬಿಲ್ಲು ಓದಿ ಹಣ ಕೊಡಿ. ಬಿಲ್ಲಿನಲ್ಲಿ ಇಲ್ಲದ್ದನ್ನು ಕೇಳಿದರೆ ಬೈಯಬೇಡಿ, ಸಮಾಧಾನದಿಂದ ರಸೀದಿ ಕೇಳಿ. ಅಂಗಡಿ, ಹೋಟೆಲುಗಳ ಬಗ್ಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಬೆವರು ಸುರಿಸಿದವನಿಗೆ ಕೊಡಬೇಕೆಂದು ಮನಸ್ಸಾದರೆ ಧಾರಾಳವಾಗಿ ಕೊಡಿ, ಆದರೆ ಅವನು ಕೇಳುವ ಮೊದಲೇ ಕೊಡಿ, ನಾಲ್ಕು ಜನರ ಮುಂದೆ ಕೊಡಬೇಡಿ. ನಿಮ್ಮ ಕೈಕೆಳಗೆ ಒಬ್ಬ ಆಳು ದುಡಿದರೂ ಅವನ ಕೂಲಿಯನ್ನು ಪೂರ್ತಿ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ. ಅದನ್ನು ಬೇರೆಯವರ ಖುಷಿಗೆ ಬಿಡಬೇಡಿ.

ನಮ್ಮ ಸಂಸ್ಥೆಯ ಹಿರಿಯರಲ್ಲೂ ಒಂದು ವಿನಂತಿ. ಸರ್ಟಿಫಿಕೇಟು, ಅಂಕಪಟ್ಟಿ, ಪ್ರವೇಶದ ಫೀಗಳನ್ನು ಬಾಗಿಲಲ್ಲೇ ಫಲಕದ ಮೇಲೆ ಬರೆಸಿರಿ. ಜವಾನನ ಪಗಾರ ಪ್ರತಿ ತಿಂಗಳು ಒಂದನೇ ತಾರೀಖಿಗೆ ಆಗಲಿ. ಇವೆರಡೂ ಆದ ಮೇಲೆ ನಮ್ಮ ಮಕ್ಕಳು ಯಾರಿಗೂ ಚಾ-ಪಾನಿ ಕೊಡಬೇಕಾಗುವುದಿಲ್ಲ.

ನನ್ನ ಮೊಮ್ಮಗಳು ಈಗ ಕನ್ನಡ ಶಾಲೆಗೆ ಹೋಗುತ್ತಾಳೆ. ಮುಂದೆ ಡಾಕ್ಟರ್ ಆಗುತ್ತೇನೆ ಎನ್ನುತ್ತಾಳೆ. ಆಗಲಿ. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿದರೆ ಮನೆಯವರು ತಾವಾಗಿಯೇ ಪೇಢೆ ಹಂಚಲಿ. ಆ ಖುಷಿ ಅವರದೇ ಆಗಿರಲಿ.