ತಪ್ಪು ಅಂದರೆ ಸಾಲದು, ದಾರಿ ಹೇಳಿ
(ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಇಲ್ಲಿ ಕೂತಿರೋ ನಾವೆಲ್ಲ ಲಂಡನ್ನಿಗೆ ಬಂದಾಗಿನಿಂದ ಆನ್‌ಲೈನ್ ಫಾರಂ ತುಂಬುತ್ತಲೇ ಇದ್ದೇವೆ. ಕೆಲವರ ಕೆಲಸವೇ ಆ ಫಾರಂ ತಯಾರಿಸೋದು. ಇವತ್ತಿನ ಮಾತು ಇಬ್ಬರಿಗೂ ಸೇರಿದ್ದು.

ನಮ್ಮ ಹೆಸರನ್ನೇ ತಗೊಳ್ಳಿ. ಕೆ. ಮಂಜುನಾಥ ಅಂತಿಟ್ಟುಕೊಳ್ಳೋಣ. ‘ಕೆ’ ಅಂದರೆ ಊರೋ, ತಂದೆಯ ಹೆಸರೋ. ಫಾರಂ ‘ಲಾಸ್ಟ್ ನೇಮ್’ ಕೇಳುತ್ತೆ. ‘ಕೆ’ ಅಂತ ಹಾಕಿದರೆ ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್’. ಕನಿಷ್ಠ ಎರಡಕ್ಷರ ಬೇಕು ಅನ್ನೋ ನಿಯಮ ಒಳಗಿದೆ, ಹೊರಗೆ ಹೇಳಿಲ್ಲ. ಆಗ ಒಂದು ಫಾರಂನಲ್ಲಿ ಊರ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು ಹಾಕ್ತೀವಿ. ಕೊನೆಗೆ ಪಾಸ್‌ಪೋರ್ಟ್, ಬ್ಯಾಂಕ್, ಸಂಬಳದ ಸ್ಲಿಪ್ ಒಂದಕ್ಕೊಂದು ತಾಳೆಯಾಗಲ್ಲ.

ಒಳ್ಳೆಯ ಮಾದರಿ ಈ ದೇಶದಲ್ಲೇ ಇದೆ. ಬ್ರಿಟನ್ ಸರ್ಕಾರದ ಡಿಜಿಟಲ್ ಸರ್ವಿಸ್ 2018ರಲ್ಲಿ ಗವ್.ಯುಕೆ ಡಿಸೈನ್ ಸಿಸ್ಟಮ್ ಹೊರತಂದಿತು. ಅದರ ಸಲಹೆ ಸರಳ: ‘ಇನ್‌ವ್ಯಾಲಿಡ್’ ಬೇಡ, ‘ಸಾರಿ’, ‘ಪ್ಲೀಸ್’ ಕೂಡ ಬೇಡ. ಏನಾಗಿದೆ, ಹೇಗೆ ಸರಿಮಾಡಬೇಕು ಅಷ್ಟು ಹೇಳಿ. ಪುಟದ ಮೇಲ್ಗಡೆ ತಪ್ಪುಗಳ ಪಟ್ಟಿ, ಪ್ರತಿ ಸಾಲಿನಿಂದ ಆಯಾ ಬಾಕ್ಸಿಗೆ ಲಿಂಕ್, ಬಾಕ್ಸಿನ ಹತ್ತಿರವೂ ಅದೇ ಮಾತು. ಸಾಧ್ಯವಾದರೆ ಪೂರ್ತಿ ಹೆಸರಿಗೆ ಒಂದೇ ಬಾಕ್ಸ್. ನ್ಯಾಷನಲ್ ಇನ್ಶೂರೆನ್ಸ್ ನಂಬರಿನ ನಡುವೆ ಜಾಗ ಬಿಟ್ಟರೂ ಒಪ್ಪಿಕೊಳ್ಳಬೇಕು; ಜಾಗ ತೆಗೆಯೋದು ಕಂಪ್ಯೂಟರಿನ ಕೆಲಸ, ಜನರದ್ದಲ್ಲ.

ಫಾರಂ ತಯಾರಿಸೋರಿಗೆ ಎರಡು ಮಾತು. ಜಾಂಗೋ ಬಳಸೋರು ಗಮನಿಸಿ. ನೀವೇನೂ ಬರೆಯದಿದ್ದರೆ ಅದು ಕೆಲವೊಮ್ಮೆ ತಾನಾಗಿ ‘ಎಂಟರ್ ಎ ವ್ಯಾಲಿಡ್ ವ್ಯಾಲ್ಯೂ’ ಅನ್ನುತ್ತೆ. ಯಾವ ವ್ಯಾಲ್ಯೂ, ಹೇಗೆ ವ್ಯಾಲಿಡ್? ಪ್ರತಿ ಫೀಲ್ಡಿಗೂ ‘ಎರರ್_ಮೆಸೇಜಸ್’ ಇದೆ, ಅಲ್ಲಿ ‘ನಿಮ್ಮ ಪೂರ್ತಿ ಹೆಸರು ಬರೆಯಿರಿ’ ಅನ್ನೋ ಥರದ ಮಾತು ಹಾಕಿ. ಎರಡನೆಯದು, ತಪ್ಪು ಸಿಕ್ಕಾಗ ಹೊಸ ಖಾಲಿ ಫಾರಂ ಕಳಿಸಬೇಡಿ. ಪರೀಕ್ಷಿಸಿದ ಅದೇ ಫಾರಂ ವಾಪಸ್ ತೋರಿಸಿದರೆ ಪಾಸ್‌ವರ್ಡ್‌ನಂಥವು ಬಿಟ್ಟು ತುಂಬಿದ್ದೆಲ್ಲ ಉಳಿಯುತ್ತೆ. ನೈಟ್ ಶಿಫ್ಟ್ ಮುಗಿಸಿ ಬಂದು ಮೊಬೈಲಿನಲ್ಲಿ ತುಂಬುವವರಿಗೆ ಎಲ್ಲಾ ಮತ್ತೆ ಬರೀ ಅನ್ನೋದು ಶಿಕ್ಷೆ.

ತುಂಬೋರಿಗೆ ಒಂದು ಮಾತು: ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಹೆಸರು ಹಾಕಿ. ಒಪ್ಪದಿದ್ದರೆ ಹೊಸ ಹೆಸರು ಹುಟ್ಟಿಸಬೇಡಿ. ಆ ಎರರ್ ಮೆಸೇಜಿನ ಫೋಟೋ ತೆಗೆದು ಅವರ ಸಹಾಯವಾಣಿಗೆ ಕೇಳಿ.

ಊರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ‘ಸರಿಯಿಲ್ಲ’ ಅಂತ ಅರ್ಜಿ ತಳ್ಳಿದರೆ ಏನು ಮಾಡೋದು ಗೊತ್ತಾಗಲ್ಲ. ‘ಇಲ್ಲಿ ಸಹಿ ಬಿಟ್ಟಿದ್ದೀರಿ’ ಅಂದರೆ ನಿಂತಲ್ಲೇ ಕೆಲಸ ಆಗುತ್ತೆ. ನೀವು ಬರೆಯೋ ಮೆಸೇಜು ಈ ಎರಡನೇ ಗುಮಾಸ್ತರ ಹಾಗಿರಲಿ.